ನಗರದೊಳಗೋ, ನಗರದ ಅಂಚಿನಲ್ಲೋ? – ಮನೆ ಬದಲಿಸುವವರಿಗೆ ಬೆಂಗಳೂರಿನ ಚರಿತ್ರೆ ಹೇಳುವ ಪಾಠ



ಏಪ್ರಿಲ್-ಮೇ ತಿಂಗಳು ಬಂತೆಂದರೆ ನಮ್ಮ ಗಡಿಭಾಗದ ಕನ್ನಡ ಶಾಲೆಗಳಿಗೆ ಟಿ.ಸಿ. ಕೇಳಿಕೊಂಡು ಬರುವ ಪೋಷಕರು ಹೆಚ್ಚುತ್ತಾರೆ. ತಳಿ, ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರು ಕಡೆಯ ಕುಟುಂಬಗಳು ಕೆಲಸ ಹುಡುಕಿಕೊಂಡು ಊರು ಬಿಡುವ ಕಾಲ ಅದು. ಮಳೆ ನಂಬಿ ಬೇಸಾಯ ಮಾಡುವವರಿಗೆ ಬೇರೆ ದಾರಿಯೂ ಇರುವುದಿಲ್ಲ. ಆಗ ಅವರ ಮುಂದೆ ನಿಲ್ಲುವ ಪ್ರಶ್ನೆ ಒಂದೇ. ನೇರವಾಗಿ ಬೆಂಗಳೂರಿಗೇ ಹೋಗಿ ಮನೆ ಮಾಡುವುದೋ, ಇಲ್ಲವೇ ಹೊಸೂರು, ಅತ್ತಿಬೆಲೆ, ಚಂದಾಪುರದಂತಹ ಹತ್ತಿರದ ಊರಿನಲ್ಲಿ ಇದ್ದುಕೊಂಡು ಕೆಲಸಕ್ಕೆ ಓಡಾಡುವುದೋ?

ಈ ಪ್ರಶ್ನೆಯನ್ನು ನಾವು ಇಂದಿನ ಸಮಸ್ಯೆ ಎಂದುಕೊಂಡಿದ್ದೇವೆ. ಆದರೆ ಬೆಂಗಳೂರಿನ ಜನ ಇದನ್ನು 125 ವರ್ಷಕ್ಕೂ ಹಿಂದೆಯೇ ಎದುರಿಸಿದ್ದರು. ಅವರು ಹೇಗೆ ಆರಿಸಿಕೊಂಡರು, ಯಾವ ಆಯ್ಕೆ ನೆಲೆ ನಿಂತಿತು, ಯಾವುದು ಸೊರಗಿತು ಎಂಬುದನ್ನು ತಿಳಿದರೆ ಇಂದು ನಿರ್ಧಾರ ಮಾಡುವವರಿಗೆ ಸ್ವಲ್ಪವಾದರೂ ಸಹಾಯವಾದೀತು ಎಂಬ ಆಸೆಯಿಂದ ಈ ಲೇಖನ.

ಪೇಟೆಯ ಬದುಕು

1537ರಲ್ಲಿ ಕೆಂಪೇಗೌಡರು ಕಟ್ಟಿದ ಬೆಂಗಳೂರು ಎಂದರೆ ಪೇಟೆ. ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಅರಳೇಪೇಟೆ, ತರಗುಪೇಟೆ... ಹೆಸರು ಕೇಳಿದರೆ ಸಾಕು, ಅಲ್ಲಿ ಯಾರು ಏನು ಕೆಲಸ ಮಾಡುತ್ತಿದ್ದರು ಎಂದು ಗೊತ್ತಾಗುತ್ತದೆ. ಮುಂದೆ ಅಂಗಡಿ, ಹಿಂದೆ ಮನೆ. ನೇಕಾರನ ಮಗ್ಗ ಮನೆಯೊಳಗೇ ಇರುತ್ತಿತ್ತು. ಕೆಲಸಕ್ಕೆ 'ಹೋಗುವುದು' ಎಂಬ ಮಾತೇ ಅಷ್ಟಾಗಿ ಇರಲಿಲ್ಲ. ಹೊಸ್ತಿಲು ದಾಟಿದರೆ ಕೆಲಸ, ಹೊಸ್ತಿಲ ಒಳಗೆ ಸಂಸಾರ.

ಇದರ ಅನುಕೂಲ ಎಲ್ಲರಿಗೂ ಗೊತ್ತು. ಅನಾನುಕೂಲವೂ ಇತ್ತು. ಇಕ್ಕಟ್ಟಾದ ಓಣಿಗಳು, ಒಂದಕ್ಕೊಂದು ಅಂಟಿಕೊಂಡ ಮನೆಗಳು, ಗಾಳಿ ಬೆಳಕಿಲ್ಲದ ಕೋಣೆಗಳು, ದವಸದ ಮಳಿಗೆಗಳಲ್ಲಿ ಇಲಿಗಳು. 1864ರಲ್ಲಿ ರೈಲು ಬಂದ ಮೇಲೆ ವ್ಯಾಪಾರ ಹೆಚ್ಚಿತು, ಜನರೂ ಹೆಚ್ಚಿದರು, ಪೇಟೆ ಇನ್ನಷ್ಟು ಇಕ್ಕಟ್ಟಾಯಿತು.

1898: ಪ್ಲೇಗು ಕಲಿಸಿದ ಪಾಠ

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಲಿ ಬಿದ್ದ ಮನೆಯನ್ನು ಬಿಟ್ಟು ಜನ ಊರ ಹೊರಗೆ ಗುಡಿಸಲು ಹಾಕಿಕೊಂಡರು. ಹಳ್ಳಿಯಲ್ಲಿ ನೆಂಟರಿದ್ದವರು ಹಳ್ಳಿಗೆ ಓಡಿದರು. ಮನೆ ಎಂದರೆ ಬರೀ ನಾಲ್ಕು ಗೋಡೆಯಲ್ಲ, ಗಾಳಿ, ಬೆಳಕು, ಚರಂಡಿ, ನೀರು ಎಲ್ಲವೂ ಸೇರಿ ಮನೆ ಎಂಬುದು ಆಗ ಎಲ್ಲರಿಗೂ ಅರ್ಥವಾಯಿತು.

ಪೇಟೆಯ ಹೊರಗೆ ಚಾಮರಾಜಪೇಟೆ ಆಗಲೇ, 1892ರ ಹೊತ್ತಿಗೆ, ರೂಪುಗೊಂಡಿತ್ತು. ಪ್ಲೇಗಿನ ನಂತರ ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ಬೆಳೆದವು. ನೇರವಾದ ಅಗಲ ರಸ್ತೆಗಳು, ಅಡ್ಡರಸ್ತೆಗಳು, ಮನೆಯ ಸುತ್ತ ಖಾಲಿ ಜಾಗ, ಮನೆಗಳ ಹಿಂದೆ ಕಸ ತೆಗೆಯಲು ಕನ್ಸರ್ವೆನ್ಸಿ ಓಣಿ. ಮಲ್ಲೇಶ್ವರದ ಹಳೆಯ ಬೀದಿಗಳಲ್ಲಿ ಈ ಓಣಿಗಳನ್ನು ಇಂದಿಗೂ ನೋಡಬಹುದು.

ಇಲ್ಲಿ ಒಂದು ಮುಖ್ಯ ವಿಷಯ ಗಮನಿಸಬೇಕು. ಹೆಸರಘಟ್ಟ ಕೆರೆಯಿಂದ ಬೆಂಗಳೂರಿಗೆ ಕೊಳವೆ ನೀರು ತರುವ ಯೋಜನೆ 1896ರ ಹೊತ್ತಿಗೆ ಮುಗಿದಿತ್ತು. ಅಂದರೆ ಪ್ಲೇಗು ಬರುವ ಮೊದಲೇ ಕೊಳವೆ ನೀರು ಊರಿಗೆ ಬಂದಿತ್ತು. ಹಾಗೆಂದು ಜನ ಓಡೋಡಿ ಬರಲಿಲ್ಲ. ಪೇಟೆ ಬಿಟ್ಟು ಅಷ್ಟು ದೂರ ಹೋಗಿ ಇರುವುದು ಹೇಗೆ ಎಂಬ ಅಂಜಿಕೆ ಬಹಳ ಜನಕ್ಕಿತ್ತು. ಬಸವನಗುಡಿಯ ಸುತ್ತ ಆಗ ಸುಂಕೇನಹಳ್ಳಿಯ ಕಡಲೆಕಾಯಿ ಹೊಲಗಳು! ಆ ಹೊಲಗಳ ನೆನಪಾಗಿ ಕಡಲೆಕಾಯಿ ಪರಿಷೆ ಇವತ್ತಿಗೂ ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ನಡೆಯುತ್ತದೆ. ಹೊಲ ಹೋಯಿತು, ಪರಿಷೆ ಉಳಿಯಿತು.

ಹೊಸ ಬಡಾವಣೆಗೆ ಸುಲಭವಾಗಿ ಹೋದವರು ಯಾರು? ಕಚೇರಿಯ ಗುಮಾಸ್ತರು, ವಕೀಲರು, ಉಪಾಧ್ಯಾಯರು. ಅವರ ಕೆಲಸ ಮನೆಯಲ್ಲಿರಲಿಲ್ಲ. ಹೋಗಲು ಕಷ್ಟವಾದದ್ದು ಯಾರಿಗೆ? ಮಗ್ಗ, ಗಾಣ, ಅಂಗಡಿ ಇದ್ದವರಿಗೆ. ದುಡಿಮೆಯ ಸಾಧನ ಎಲ್ಲಿದೆಯೋ ಅಲ್ಲೇ ಅವರ ಮನೆ. 'ನಗರವೋ ಹೊರವಲಯವೋ' ಎಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರ ಅಂದೂ ಇರಲಿಲ್ಲ.

ಬಸವನಗುಡಿಯಲ್ಲಿ 1917ರಲ್ಲಿ ನ್ಯಾಷನಲ್ ಹೈಸ್ಕೂಲು ಆರಂಭವಾಯಿತು. ಗುಡಿ, ಮಾರುಕಟ್ಟೆ, ಉದ್ಯಾನ, ಶಾಲೆ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿ ಸಿಕ್ಕ ಮೇಲೆ 'ಅಷ್ಟು ದೂರ ಯಾರು ಹೋಗುತ್ತಾರೆ' ಎನ್ನುವ ಮಾತು ನಿಂತಿತು.

ಒಂಟಿಯಾಗಿ ಉಳಿದ ವೈಟ್‌ಫೀಲ್ಡ್

ಇದಕ್ಕೆ ಹೋಲಿಸಿ ವೈಟ್‌ಫೀಲ್ಡ್ ನೋಡೋಣ. ಮಲ್ಲೇಶ್ವರಕ್ಕಿಂತ ಹಳೆಯದು ಅದು. 1882ರಲ್ಲಿ ಆಂಗ್ಲೋ-ಇಂಡಿಯನ್ನರಿಗಾಗಿ ಬೇಸಾಯದ ನೆಲೆಯಾಗಿ ಅದು ಹುಟ್ಟಿತು. ಮೈಸೂರು ಅರಸರು ಅದಕ್ಕೆ ಸುಮಾರು 3,900 ಎಕರೆ ನೆಲ ಕೊಟ್ಟರು. ನೆಲ ಧಾರಾಳವಾಗಿತ್ತು, ಹವೆ ಚೆನ್ನಾಗಿತ್ತು. ಆದರೂ ಅದು ಬಹುಕಾಲ ಒಂದು ಸಣ್ಣ ಊರಾಗಿಯೇ ಉಳಿಯಿತು. ಕಾರಣ ಸರಳ. ಕೆಲಸ ನಗರದಲ್ಲಿತ್ತು, ಸಂತೆ ಪೇಟೆ ನಗರದಲ್ಲಿತ್ತು, ಮನೆ ಮಾತ್ರ ದೂರದಲ್ಲಿತ್ತು. 1990ರ ದಶಕದಲ್ಲಿ ಅಲ್ಲಿಗೆ ಕಂಪ್ಯೂಟರ್ ಉದ್ದಿಮೆಗಳು ಬಂದ ಮೇಲೆಯೇ ಅದರ ಚಹರೆ ಬದಲಾದದ್ದು. ಅಗ್ಗದ ಜಾಗ ಒಂದಿದ್ದರೆ ಊರಾಗುವುದಿಲ್ಲ ಎಂಬುದಕ್ಕೆ ನೂರು ವರ್ಷ ನಿಂತ ಸಾಕ್ಷಿ ಇದು.

ತೊರಪಳ್ಳಿಯ ಹುಡುಗ ಇಟ್ಟ ಅಡಿಗಲ್ಲು

ನಮ್ಮ ಭಾಗದವರಿಗೆ ಹೆಮ್ಮೆ ತರುವ ಒಂದು ಸಂಗತಿ ಈ ಚರಿತ್ರೆಯಲ್ಲಿದೆ. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಸಿ. ರಾಜಗೋಪಾಲಾಚಾರಿಯವರು ಓದಿಗಾಗಿ ಮೊದಲು ಹೊಸೂರಿಗೆ ಬಂದರು. ಅಲ್ಲಿಂದ ಬೆಂಗಳೂರಿಗೆ ಹೋಗಿ ಸೆಂಟ್ರಲ್ ಕಾಲೇಜಿನಲ್ಲಿ ಕಲಿತು 1894ರಲ್ಲಿ ಪದವಿ ಪಡೆದರು. ಹಳ್ಳಿಯಿಂದ ಹೊಸೂರು, ಹೊಸೂರಿನಿಂದ ಬೆಂಗಳೂರು! ನಮ್ಮ ಮಕ್ಕಳು ಇಂದು ಹಿಡಿಯುವ ದಾರಿಯೇ ಅದು.

ಅದೇ ರಾಜಾಜಿಯವರು 1948ರಲ್ಲಿ ಭಾರತದ ಗವರ್ನರ್ ಜನರಲ್ ಆಗಿ ಬಂದು ಬೆಂಗಳೂರಿನ ಜಯನಗರಕ್ಕೆ ಅಡಿಗಲ್ಲು ಹಾಕಿದರು. ಅದರ ಬೆನ್ನಿಗೇ ಪಶ್ಚಿಮದಲ್ಲಿ ಎದ್ದ ಬಡಾವಣೆಗೆ ಅವರದೇ ಹೆಸರಿಟ್ಟರು. ಅದೇ ರಾಜಾಜಿನಗರ.

ಆಗ ಬಡಾವಣೆಗಳು ಬೇಕಾದದ್ದು ಪ್ಲೇಗಿನಿಂದಲ್ಲ, ಜನಸಂಖ್ಯೆಯಿಂದ. 1941ರಲ್ಲಿ ಸುಮಾರು 4 ಲಕ್ಷವಿದ್ದ ಬೆಂಗಳೂರಿನ ಜನ 1951ಕ್ಕೆ ಹೆಚ್ಚುಕಡಿಮೆ 8 ಲಕ್ಷ ಮುಟ್ಟಿದರು. ಹತ್ತೇ ವರ್ಷದಲ್ಲಿ ಇಮ್ಮಡಿ! ಎಚ್.ಎ.ಎಲ್. (1940), ಐ.ಟಿ.ಐ. (1948), ಎಚ್.ಎಂ.ಟಿ. (1953), ಬಿ.ಇ.ಎಲ್. (1954) ಕಾರ್ಖಾನೆಗಳು ಊರ ಹೊರಗೆ ಬಂದವು. ಇವುಗಳ ಸುತ್ತ ಕಾರ್ಮಿಕರ ವಸತಿ, ಶಾಲೆ, ಆಸ್ಪತ್ರೆ, ಬಸ್ಸು ಎಲ್ಲವೂ ಬೆಳೆದವು. ಹಳೆಯ ಪೇಟೆಯಲ್ಲಿ ಮನೆಯೂ ಕೆಲಸವೂ ಒಂದೇ ಕಡೆ ಇದ್ದ ಹಾಗೆ, ಕಾರ್ಖಾನೆಯ ಕಾಲೊನಿಗಳಲ್ಲಿ ಅವು ಮತ್ತೆ ಹತ್ತಿರ ಬಂದವು. ಗಡಿಭಾಗದಿಂದ ಹೋದ ಎಷ್ಟೋ ಕುಟುಂಬಗಳಿಗೆ ಈ ಕಾರ್ಖಾನೆಗಳು ಅನ್ನ ಕೊಟ್ಟವು.

ಇನ್ನೊಂದು ಮಾತು. ಆಗ ಜಯನಗರವೂ 'ಊರ ಹೊರಗೆ'. ಇಂದು ಅದನ್ನು ಹೊರವಲಯ ಎಂದರೆ ಮಕ್ಕಳು ನಕ್ಕಾರು. ಸುತ್ತಲಿನ ಬೈರಸಂದ್ರ, ಸಿದ್ದಾಪುರಗಳು ಹಳ್ಳಿಗಳಾಗಿ ಕರಗಿ ಹೆಸರಾಗಿ ಉಳಿದಿವೆ. ಹೊರವಲಯ ಎನ್ನುವುದು ಶಾಶ್ವತ ವಿಳಾಸವಲ್ಲ. ಒಂದು ತಲೆಮಾರು ಕಳೆಯುವಷ್ಟರಲ್ಲಿ ನಗರವೇ ಅಲ್ಲಿಗೆ ಬಂದಿರುತ್ತದೆ.

ಹೆಸರು ಮೊದಲು, ನೀರು ಆಮೇಲೆ

2007ರಲ್ಲಿ ಬೊಮ್ಮನಹಳ್ಳಿ, ಮಹದೇವಪುರ, ಕೆ.ಆರ್. ಪುರ, ಯಲಹಂಕ ಮೊದಲಾದ 7 ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಒಂದೇ ಆಜ್ಞೆಯಲ್ಲಿ ಹಳ್ಳಿಯವರು ನಗರದವರಾದರು. ಆದರೆ ಆ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ 5ನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಲೆಕ್ಕ ಹಾಕಿ, 17 ವರ್ಷ! ಒಂದನೇ ತರಗತಿಗೆ ಸೇರಿದ ಮಗು ಕಾಲೇಜು ಮುಗಿಸುವಷ್ಟು ಕಾಲ. ಅಲ್ಲಿಯವರೆಗೆ ಬೋರ್‌ವೆಲ್, ಟ್ಯಾಂಕರ್. ಅದೇ 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿಗಾಗಿ ಜನ ಪಟ್ಟ ಪಾಡನ್ನು ನಾವೆಲ್ಲ ಕಂಡಿದ್ದೇವೆ. 2025ರ ಸೆಪ್ಟೆಂಬರಿನಲ್ಲಿ ಆ ಒಂದು ಪಾಲಿಕೆ ಹೋಗಿ ಐದು ಪಾಲಿಕೆಗಳಾಗಿವೆ. ಆಡಳಿತದ ಹೆಸರು ಬದಲಾಗುತ್ತಲೇ ಇರುತ್ತದೆ. ಮನೆ ಮಾಡುವವರು ಕೇಳಬೇಕಾದದ್ದು ಹೆಸರನ್ನಲ್ಲ, ನಲ್ಲಿಯಲ್ಲಿ ನೀರು ವಾರಕ್ಕೆ ಎಷ್ಟು ದಿನ ಎಂಬುದನ್ನು.

1898ರ ಬಡಾವಣೆಗಳಿಗೂ 2007ರ ಸೇರ್ಪಡೆಗೂ ಇರುವ ವ್ಯತ್ಯಾಸ ಇದು. ಅಲ್ಲಿ ಮೊದಲು ರಸ್ತೆ, ಚರಂಡಿ ಎಳೆದು ಆಮೇಲೆ ಮನೆ ಕಟ್ಟಿದರು. ಇಲ್ಲಿ ಮೊದಲು ಮನೆ ಎದ್ದಿತು, ಉಳಿದದ್ದು ಹಿಂದಿನಿಂದ ಬಂತು.

ಹೊಸೂರು: ರಾಜ್ಯದ ಗೆರೆ ದಾಟಿದ ಅಂಚು

ಈಗ ನಮ್ಮ ಹೊಸೂರಿಗೆ ಬರೋಣ. ಬೆಂಗಳೂರಿಗೆ ಸುಮಾರು 40 ಕಿ.ಮೀ. 1799ರಲ್ಲಿ ಟಿಪ್ಪುವಿನ ಪತನದ ನಂತರ ಈ ಭಾಗ ಕಂಪನಿಯ ಕೈಸೇರಿ ಸೇಲಂ ಜಿಲ್ಲೆಗೆ ಸೇರಿತು. 1956ರ ರಾಜ್ಯ ವಿಂಗಡಣೆಯಲ್ಲೂ ಮದರಾಸು ರಾಜ್ಯದಲ್ಲೇ ಉಳಿಯಿತು. ಮುಂದೆ 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ. ಕನ್ನಡ, ತೆಲುಗು, ತಮಿಳು ಮೂರೂ ಸಂತೆಯಲ್ಲಿ ಕೇಳಿಬರುವ ಊರು ಇದು.

1970ರ ದಶಕದಲ್ಲಿ ತಮಿಳುನಾಡು ಸರ್ಕಾರ ಇಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಮಾಡಿತು. 1980ರ ಸುಮಾರಿಗೆ ಅಶೋಕ್ ಲೇಲ್ಯಾಂಡ್, ಟಿ.ವಿ.ಎಸ್., ಆ ದಶಕದಲ್ಲೇ ಟೈಟನ್ ವಾಚು ಕಾರ್ಖಾನೆಗಳು ಬಂದವು. ಅತ್ತ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಹೊಸೂರು ರಸ್ತೆಯಲ್ಲೇ ಎಲೆಕ್ಟ್ರಾನಿಕ್ ಸಿಟಿ ಆರಂಭಿಸಿತು. ಹೀಗೆ ಒಂದೇ ರಸ್ತೆಯ ಎರಡು ಕಡೆ, ಎರಡು ರಾಜ್ಯಗಳಲ್ಲಿ, ಕೆಲಸ ಹುಟ್ಟಿತು. 2010ರಲ್ಲಿ ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಮೇಲ್ಸೇತುವೆ ಬಂತು. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿ.ಮೀ. ಮೆಟ್ರೊ ಹಳದಿ ಮಾರ್ಗ ತೆರೆಯಿತು. ಬೊಮ್ಮಸಂದ್ರದಿಂದ ಈಚೆಗೆ ಬಸ್ಸೇ ಗತಿ, ರೈಲೇ ಗತಿ.

ಬೊಮ್ಮನಹಳ್ಳಿ ಬೆಂಗಳೂರಿನೊಳಗೆ ಕರಗಿದ ಹಾಗೆ ಹೊಸೂರು ಕರಗುವುದಿಲ್ಲ. ನಡುವೆ ರಾಜ್ಯದ ಗೆರೆ ಇದೆ. 2019ರಲ್ಲಿ ಹೊಸೂರು ತಾನೇ ಒಂದು ಮಹಾನಗರ ಪಾಲಿಕೆಯಾಯಿತು. 2013ರಲ್ಲಿ ಆರಂಭವಾದ ಹೊಗೇನಕಲ್ ಯೋಜನೆ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳಿಗೆ ಕಾವೇರಿ ನೀರು ಕೊಡುತ್ತಿದೆ. ಬೆಂಗಳೂರಿನವರು ಕುಡಿಯುವುದೂ ಅದೇ ಕಾವೇರಿಯನ್ನು. ನದಿ ಒಂದು, ಕಾಗದಪತ್ರ ಎರಡು!

ಈ ಕಾಗದಪತ್ರದ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೆಲಸಕ್ಕಾಗಿ ಬೇರೆ ರಾಜ್ಯಕ್ಕೆ ಹೋದ ಪರಿಶಿಷ್ಟ ಜಾತಿ, ಪಂಗಡದವರಿಗೆ ತಮ್ಮ ಹಳೆಯ ರಾಜ್ಯದ ಪ್ರಮಾಣಪತ್ರದ ಮೇಲೆ ಹೊಸ ರಾಜ್ಯದಲ್ಲಿ ಮೀಸಲಾತಿ ದೊರೆಯುವುದಿಲ್ಲ ಎಂದು ಸುಪ್ರೀಂ ಕೋರ್ಟು 1990ರಲ್ಲೇ ಹೇಳಿದೆ. ತಮಿಳುನಾಡಿನಲ್ಲಿ 6ರಿಂದ 12ನೇ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದವರಿಗೆ ವೈದ್ಯಕೀಯ ಸೀಟಿನಲ್ಲಿ ಶೇ. 7.5 ಮೀಸಲು 2020ರಿಂದ ಇದೆ. ಹಾಗೆ ಓದಿದ ಹೆಣ್ಣುಮಕ್ಕಳಿಗೆ ಕಾಲೇಜಿನಲ್ಲಿ ತಿಂಗಳಿಗೆ 1,000 ರೂಪಾಯಿ ಕೊಡುವ ಯೋಜನೆ 2022ರಲ್ಲಿ ಬಂತು. ಏಳನೇ ತರಗತಿಯಲ್ಲಿ ಟಿ.ಸಿ. ತೆಗೆದುಕೊಂಡು ಅತ್ತಿಬೆಲೆ ದಾಟಿದ ಮಗು ಇವೆರಡನ್ನೂ ಈಚೆಗೆ ಬಿಟ್ಟು ಹೋಗುತ್ತದೆ. ಎಷ್ಟೋ ತಂದೆತಾಯಿಗಳಿಗೆ ಇದು ಗೊತ್ತೇ ಇರುವುದಿಲ್ಲ.

ಭಾಷೆಯ ಲೆಕ್ಕ

'ಕನ್ನಡದ ರಾಜಧಾನಿಗೆ ಹೋದರೆ ಮಗುವಿನ ಕನ್ನಡ ತಾನಾಗಿಯೇ ಉಳಿಯುತ್ತದೆ' ಎಂದು ನಮ್ಮವರು ನಂಬುತ್ತಾರೆ. ನಾವು ಕಂಡದ್ದು ಬೇರೆ. ಅಲ್ಲಿಗೆ ಹೋದ ಬಹಳಷ್ಟು ಕುಟುಂಬಗಳು ಮೊದಲು ಮಾಡುವ ಕೆಲಸ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವುದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರ ಮೇ 6ರಂದು ತೀರ್ಪು ಕೊಟ್ಟ ಮೇಲೆ ಆಯ್ಕೆ ಪೂರ್ತಿ ಪೋಷಕರದ್ದೇ.

ಈ ಕಡೆ ನಮ್ಮ ಕನ್ನಡ ಶಾಲೆಗಳ ಆಧಾರ ಸಂವಿಧಾನದ 350-ಎ ವಿಧಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಕೊಡಬೇಕೆಂದು 1956ರಲ್ಲಿ ಸೇರಿಸಿದ ವಿಧಿ ಅದು. 2006ರ ತಮಿಳು ಕಲಿಕಾ ಕಾಯ್ದೆಯ ನಂತರ ನಮ್ಮ ಮಕ್ಕಳು ತಮಿಳನ್ನೂ ಕಲಿಯಬೇಕಾಗಿದೆ. ಇದರ ಬಗ್ಗೆ ಕೋರ್ಟುಗಳವರೆಗೂ ಹೋದವರಿದ್ದಾರೆ. ನಮ್ಮ ಅನಿಸಿಕೆ ಇಷ್ಟು: ಮಗು ತಮಿಳು ಕಲಿತರೆ ನಷ್ಟವಿಲ್ಲ, ಕನ್ನಡ ಬಿಟ್ಟರೆ ನಷ್ಟ. ವಿಧಿ ಪುಸ್ತಕದಲ್ಲಿದ್ದರೆ ಸಾಲದು, ಹಾಜರಿ ಪುಸ್ತಕದಲ್ಲಿ ಹೆಸರಿರಬೇಕು. ಮಕ್ಕಳಿಲ್ಲದ ತರಗತಿಗೆ ಶಿಕ್ಷಕರನ್ನು ಯಾವ ಸರ್ಕಾರವೂ ಬಹಳ ದಿನ ಕೊಡುವುದಿಲ್ಲ. ಒಂದು ಹಳ್ಳಿಯಿಂದ ನಾಲ್ಕು ಮನೆ ಹೋದರೆ ಬೆಂಗಳೂರಿಗೆ ಅದು ತಿಳಿಯುವುದೂ ಇಲ್ಲ. ಇಲ್ಲಿ ಒಂದು ತರಗತಿಯೇ ಖಾಲಿಯಾಗುತ್ತದೆ.

ಹಾಗಾದರೆ ಏನು ಮಾಡಬೇಕು?

ಹೋಗಬೇಡಿ ಎಂದು ಹೇಳುವ ಹಕ್ಕು ನಮಗಿಲ್ಲ. ಹೊಟ್ಟೆಪಾಡು ಎಲ್ಲಕ್ಕಿಂತ ದೊಡ್ಡದು. ಆದರೆ ಮುಂಗಡ ಕೊಡುವ ಮೊದಲು ಮೇಲಿನ ಚರಿತ್ರೆಯನ್ನು ಮುಂದಿಟ್ಟುಕೊಂಡು ಈ ಲೆಕ್ಕ ಹಾಕಿ ಎಂದು ಕೇಳಿಕೊಳ್ಳುತ್ತೇವೆ.

ಮೊದಲನೆಯದು, ದುಡಿಮೆ ಎಲ್ಲಿದೆ? ಕೆಲಸ ಸಿಪ್‌ಕಾಟಿನಲ್ಲೋ ಅತ್ತಿಬೆಲೆ ಕಡೆಯೋ ಆದರೆ ಬೆಂಗಳೂರಿನೊಳಗೆ ಮನೆ ಮಾಡುವುದು ವ್ಯರ್ಥ. ಕೆಲಸ ಯಶವಂತಪುರ, ಪೀಣ್ಯದ ಕಡೆಯಾದರೆ ಹೊಸೂರಿನಿಂದ ಓಡಾಡುವುದು ಜೀವ ತೇಯುವ ಕೆಲಸ. ದಿನಕ್ಕೆ 4 ಗಂಟೆ ದಾರಿಯಲ್ಲಿ ಹೋದರೆ 25 ದಿನಕ್ಕೆ 100 ಗಂಟೆ. ಆ ನೂರು ಗಂಟೆ ಮಗುವಿನ ಜೊತೆ ಕೂರಬೇಕಾದ ಹೊತ್ತು ಎಂಬುದನ್ನು ಮರೆಯಬೇಡಿ. ಬಾಡಿಗೆಯಲ್ಲಿ ಉಳಿದ ಹಣದಿಂದ ಬಸ್ಸಿನ ಖರ್ಚು ಕಳೆದು ನೋಡಿ, ಆಮೇಲೆ ಅಗ್ಗ ಎನ್ನಿ.

ಎರಡನೆಯದು, ನೀರು, ಚರಂಡಿ, ದಾರಿ ಇವತ್ತು ಇವೆಯೇ? 'ಬರುತ್ತದೆ' ಎಂದು ಹೇಳುವವರ ಮಾತಿಗೆ 17 ವರ್ಷದ ಉದಾಹರಣೆ ಸಾಕು. ಬೇಸಿಗೆಯಲ್ಲಿ ಹೋಗಿ ಅಕ್ಕಪಕ್ಕದ ಹೆಂಗಸರನ್ನು ವಿಚಾರಿಸಿ. ಅವರು ಹೇಳಿದ್ದೇ ಖರೆ.

ಮೂರನೆಯದು, ಶಾಲೆ. ಮಗು ನಡೆದು ಹೋಗುವಷ್ಟು ದೂರದಲ್ಲಿ ಕನ್ನಡ ಕಲಿಸುವ ಶಾಲೆ ಇದೆಯೇ? ಬೆಂಗಳೂರಿಗೇ ಹೋಗುವುದಾದರೆ ಸರ್ಕಾರಿ ಕನ್ನಡ ಶಾಲೆ ಇರುವ ಬೀದಿಯ ಹತ್ತಿರ ಮನೆ ನೋಡಿ. ಹೊಸೂರಿಗೆ ಬರುವುದಾದರೆ ಕನ್ನಡ ವಿಭಾಗ ಇರುವ ಶಾಲೆಯನ್ನು ಮೊದಲು ಕೇಳಿ, ಮನೆಯನ್ನು ಆಮೇಲೆ ಹುಡುಕಿ. ಮಗು ಆರನೇ ತರಗತಿ ದಾಟಿದ್ದರೆ, ಎರಡು ರಾಜ್ಯಗಳ ಸೌಲಭ್ಯವನ್ನೂ ಒಂದು ಹಾಳೆಯಲ್ಲಿ ಬರೆದು, ಗೊತ್ತಿದ್ದವರ ಜೊತೆ ಚರ್ಚಿಸಿ, ಆಮೇಲೆ ಟಿ.ಸಿ.ಗೆ ಅರ್ಜಿ ಕೊಡಿ. ಸಾಧ್ಯವಾದರೆ ಹತ್ತನೇ ತರಗತಿ ಮುಗಿಯುವವರೆಗೆ ಅಜ್ಜಿ-ತಾತನ ಹತ್ತಿರ ಬಿಡುವುದೂ ಒಂದು ದಾರಿ.

ನಗರ ದೊಡ್ಡದು, ಅಂಚಿನ ಊರು ಚಿಕ್ಕದು ಎಂಬ ಭೇದ ಕಾಲ ಕಳೆದಂತೆ ಅಳಿಸಿಹೋಗುತ್ತದೆ. ಬಸವನಗುಡಿ, ಜಯನಗರ ಆದದ್ದೇ ನಾಳೆ ಚಂದಾಪುರಕ್ಕೂ ಆಗುತ್ತದೆ. ಆದರೆ ಮಗು ಒಂದನೇ ತರಗತಿಯಿಂದ ಹತ್ತನೇ ತರಗತಿವರೆಗೆ ಕಳೆಯುವ ಹತ್ತು ವರ್ಷ ಊರು ಬೆಳೆಯಲಿ ಎಂದು ಕಾಯುವುದಿಲ್ಲ. ಆ ಹತ್ತು ವರ್ಷಕ್ಕೆ ಬೇಕಾದದ್ದು ಯಾವ ಊರಿನಲ್ಲಿ ಇಂದೇ ಇದೆಯೋ, ಅದೇ ನಿಮ್ಮ ಊರು.